ಬಾಗಿಲು ಮುಚ್ಚಿದ ಕೋಣೆಗೆ ಯಾವ ವಿಡಿಯೋ ಕಾಲ್?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ವಾಟ್ಸಾಪ್ ವಿಡಿಯೋ ಕಾಲ್‌ಗೆ ಒಟ್ಟಿಗೆ ನಾಲ್ಕೇ ಜನ ಸೇರಬಹುದಿತ್ತು. ಏಪ್ರಿಲ್ ಕೊನೆಗೆ ಅದು ಎಂಟಾಯಿತು, 2022ರಲ್ಲಿ 32. ಜೂಮ್ ಮಾತ್ರ ಆಗಲೇ ಉಚಿತ ಖಾತೆಯಲ್ಲಿ ನೂರು ಜನರನ್ನು ಕೂರಿಸುತ್ತಿತ್ತು. ಹಾಗಾಗಿ ಆಗ ಬಂದ ಆ್ಯಪ್‌ಗಳ ಹೋಲಿಕೆಗಳೆಲ್ಲ ತಲೆ ಎಣಿಸುವುದರಲ್ಲೇ ಮುಗಿದವು. ಜ್ವರ ಬಂದು ಕೋಣೆಯಲ್ಲಿ ಒಬ್ಬರೇ ಮಲಗಿರುವವರಿಗೆ ನೂರು ಮುಖ ಏಕೆ ಬೇಕು? ನಾವು ಕರೆ ಮಾಡಿದರೆ ಅವರ ಫೋನ್ ಸದ್ದು ಮಾಡಬೇಕು, ಒಮ್ಮೆ ಬೆರಳು ಸರಿಸಿದರೆ ಮುಖ ಕಾಣಬೇಕು, ಅಷ್ಟೇ. ಕೋವಿಡ್ ಇರಲಿ, ಮುಂದೆ ಬರಬಹುದಾದ ಬೇರೆ ಸೋಂಕಿರಲಿ, ಹೋಂ ಐಸೋಲೇಶನ್‌ಗೆ ಆ್ಯಪ್ ಆರಿಸುವಾಗ ಮೊದಲು ಕೇಳಬೇಕಾದ್ದು ಇದು: ರಿಂಗ್ ಆಗುವ ಆ್ಯಪೋ, ಲಿಂಕ್ ಕೇಳುವ ಆ್ಯಪೋ?

ಈ ಅಳತೆಗೋಲಿನಲ್ಲಿ ವಾಟ್ಸಾಪೇ ಮುಂದೆ. ಹೊಸದಾಗಿ ಕಲಿಸುವುದೇನೂ ಇಲ್ಲ, ಸಂಭಾಷಣೆ ಗೂಢಲಿಪಿಯಲ್ಲಿ ಭದ್ರವಾಗಿಯೂ ಇರುತ್ತದೆ. ಆದರೆ ಇದಕ್ಕೂ ಒಂದು ಕಾಯಿಲೆಯಿದೆ. ಶಿಯೋಮಿ, ವಿವೋ, ಒಪ್ಪೋದಂಥ ಫೋನ್‌ಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಪರದೆ ಆರಿದ ಸ್ವಲ್ಪ ಹೊತ್ತಿನ ಮೇಲೆ ನೀವು ಎಷ್ಟು ಸಲ ಕರೆ ಮಾಡಿದರೂ ಅತ್ತ ಸದ್ದಿಲ್ಲ. ಪರದೆ ಹೊತ್ತಿಸಿದೊಡನೆ ಐದು ಮಿಸ್ಡ್ ಕಾಲ್ ಒಟ್ಟಿಗೆ ಬಂದು ಬೀಳುತ್ತವೆ. ಇದನ್ನು ನೆಟ್‌ವರ್ಕ್ ತೊಂದರೆ ಎಂದುಕೊಳ್ಳುವವರೇ ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ವಾಟ್ಸಾಪ್ ಆರಿಸಿ, ಬ್ಯಾಟರಿ ಭಾಗದಲ್ಲಿ ‘ನೋ ರಿಸ್ಟ್ರಿಕ್ಷನ್ಸ್’ ಅಥವಾ ‘ಅನ್‌ರಿಸ್ಟ್ರಿಕ್ಟೆಡ್’ ಎಂದಿರುವುದನ್ನು ಒತ್ತಿ. ‘ಆಟೋಸ್ಟಾರ್ಟ್’ ಎಂಬ ಗುಂಡಿಯಿದ್ದರೆ ಅದನ್ನೂ ಆನ್ ಮಾಡಿ. ಆಮೇಲೆ ಫೋನನ್ನು ಅರ್ಧ ಗಂಟೆ ಮುಟ್ಟದೆ ಬಿಟ್ಟು, ಬೇರೆ ಫೋನಿನಿಂದ ಕರೆ ಮಾಡಿ ನೋಡಿ. ರೋಗಿ ಕೋಣೆ ಸೇರುವ ಮೊದಲೇ ಈ ಪರೀಕ್ಷೆ ಮುಗಿದಿರಬೇಕು, ಬಾಗಿಲು ಹಾಕಿದ ಮೇಲೆ ಆ ಫೋನ್ ನಿಮ್ಮ ಕೈಗೆ ಸಿಗುವುದಿಲ್ಲ.

ಐಸೋಲೇಶನ್‌ನಲ್ಲಿ ವಿಡಿಯೋದ ನಿಜವಾದ ಉಪಯೋಗ ಹರಟೆಯಷ್ಟೇ ಅಲ್ಲ, ಉಸಿರಾಟ ನೋಡುವುದು. ಕೇಂದ್ರ ಆರೋಗ್ಯ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯ ಪ್ರಕಾರ, ಒಂದು ಗಂಟೆಯೊಳಗೆ ಮೂರು ಸಲ ನೋಡಿದರೂ ರಕ್ತದಲ್ಲಿ ಆಮ್ಲಜನಕದ ಮಟ್ಟ ಶೇಕಡಾ 93 ಅಥವಾ ಅದಕ್ಕೂ ಕೆಳಗಿದ್ದರೆ, ಇಲ್ಲವೇ ನಿಮಿಷಕ್ಕೆ ಉಸಿರು 24 ದಾಟಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಉಸಿರು ಎಣಿಸಲು ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಎದೆ ಮತ್ತು ಹೊಟ್ಟೆ ಕಾಣುವಂತೆ ಇಡಲು ಹೇಳಿ. ಒಳಗೆಳೆದು ಹೊರಬಿಟ್ಟರೆ ಒಂದು. ಪೂರ್ತಿ ಅರವತ್ತು ಸೆಕೆಂಡ್ ಎಣಿಸಿ, ಎಣಿಸುತ್ತಿದ್ದೀರೆಂದು ಹೇಳಬೇಡಿ, ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ನಡುವೆ ಚಿತ್ರ ನಿಂತರೆ ಲೆಕ್ಕ ಮತ್ತೆ ಮೊದಲಿನಿಂದ. ಆಕ್ಸಿಮೀಟರ್‌ನ ಅಂಕಿಯನ್ನು ಮಾತ್ರ ವಿಡಿಯೋದಲ್ಲಿ ಓದಲು ಹೋಗಬೇಡಿ. ಹೊಳೆಯುವ ಅಂಕಿಗಳು ಕ್ಯಾಮೆರಾದಲ್ಲಿ ಹರಡಿಕೊಂಡು 83 ಮತ್ತು 93ರ ವ್ಯತ್ಯಾಸವೇ ಅಳಿಸಿಹೋಗಬಹುದು. ಫೋಟೋ ತೆಗೆದು ಕಳಿಸಲಿ. ಕಳಿಸಿದ ಹೊತ್ತೂ ಅದರ ಜೊತೆಗೇ ದಾಖಲಾಗುತ್ತದೆ. ತುಟಿಯ ಬಣ್ಣ ನೋಡಿ ಧೈರ್ಯ ತಂದುಕೊಳ್ಳುವುದೂ ಬೇಡ, ಬಣ್ಣವನ್ನು ಕ್ಯಾಮೆರಾ ತನಗೆ ತೋಚಿದಂತೆ ತಿದ್ದುತ್ತದೆ.

ಒಂದೇ ಮನೆಯಲ್ಲಿ ರೋಗಿ ಕೋಣೆಯಿಂದ, ಉಳಿದವರು ಹಾಲ್‌ನಿಂದ ಒಂದೇ ಕರೆಗೆ ಸೇರಿದರೆ ಕಿವಿ ಕೊರೆಯುವ ಕೂಗು ಏಳುತ್ತದೆ. ಫೋನ್ ತನ್ನ ಸ್ಪೀಕರಿನಿಂದ ಹೊರಟ ದನಿಯನ್ನು ತನ್ನ ಮೈಕಿನಿಂದ ಕಳೆಯಬಲ್ಲದು, ಪಕ್ಕದ ಫೋನಿನ ಸ್ಪೀಕರ್ ಏನು ಹೇಳುತ್ತಿದೆ ಎಂಬುದು ಅದಕ್ಕೆ ತಿಳಿಯದು. ಮ್ಯೂಟ್ ಮಾಡಿದರಷ್ಟೇ ಸಾಲದು, ಸ್ಪೀಕರನ್ನೂ ತಗ್ಗಿಸಬೇಕು. ಹಾಲ್‌ನಲ್ಲಿ ಒಂದೇ ಫೋನ್ ಇಟ್ಟು, ಕೋಣೆಯವರು ಇಯರ್‌ಫೋನ್ ಹಾಕಿಕೊಂಡರೆ ತಾಪತ್ರಯವೇ ಇಲ್ಲ. ಅಜ್ಜಿಗೆ ಇಯರ್‌ಫೋನ್ ಕೊಟ್ಟರೆ ಇನ್ನೊಂದು ಲಾಭವಿದೆ: ಫೋನನ್ನು ಕಿವಿಗೆ ಒತ್ತಿ ಹಿಡಿಯುವುದಿಲ್ಲ. ಇಲ್ಲದಿದ್ದರೆ ಕರೆಯುದ್ದಕ್ಕೂ ಓಲೆಯ ದರ್ಶನವೇ ಗತಿ.

ಜೂಮ್ ಲಿಂಕ್ ಕೇಳುವ ಗುಂಪಿನದು. ಸುಸ್ತಾಗಿ ಮಲಗಿದವರು ಮೆಸೇಜ್ ಹುಡುಕಿ, ಲಿಂಕ್ ಒತ್ತಿ, ಆಡಿಯೋಗೆ ಒಪ್ಪಿಗೆ ಕೊಟ್ಟು ಒಳಬರಬೇಕು. ಆಡಿಯೋ ಗುಂಡಿ ಒತ್ತುವುದನ್ನು ಮರೆತು ಮೂಕಚಿತ್ರದಂತೆ ಬಾಯಾಡಿಸುವವರು ಪ್ರತಿ ಸಭೆಯಲ್ಲೂ ಸಿಗುತ್ತಾರೆ. ಸುರಕ್ಷತೆಯ ಬಗ್ಗೆ 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ಎಚ್ಚರಿಕೆ ಕೊಟ್ಟಿತ್ತು. ಪಾಸ್‌ವರ್ಡ್ ಮತ್ತು ವೇಟಿಂಗ್ ರೂಮ್ (ಸಭೆ ಕರೆದವರು ಒಪ್ಪುವ ತನಕ ಹೊರಗೇ ಕಾಯಿಸುವ ವ್ಯವಸ್ಥೆ) ತಾನಾಗಿಯೇ ಆನ್ ಇರುವಂತೆ ಕಂಪನಿ ಆ ತಿಂಗಳೇ ಬದಲಿಸಿತು. ಉಚಿತ ಖಾತೆಗೆ 40 ನಿಮಿಷದ ಗಡಿ. ಮೊದಲು ಇಬ್ಬರೇ ಇದ್ದರೆ ಗಡಿಯಿರಲಿಲ್ಲ, 2022ರ ಮೇಯಿಂದ ಆ ರಿಯಾಯಿತಿಯೂ ಹೋಯಿತು. ವಿಷ್ಣು ಸಹಸ್ರನಾಮಕ್ಕೆ ಅರ್ಧ ಗಂಟೆ ಹೋದರೆ ಕುಶಲೋಪರಿಗೆ ಉಳಿಯುವುದು ಹತ್ತು ನಿಮಿಷ.

ಪಾರಾಯಣದ ಮಾತು ಬಂತು. ಎಲ್ಲರೂ ಒಟ್ಟಿಗೆ ಹೇಳುವುದು ಯಾವ ಆ್ಯಪಿನಲ್ಲೂ ಆಗದ ಕೆಲಸ. ತಾಳ ಸಡಿಲವಾಗಲು ಕೆಲವೇ ಹತ್ತು ಮಿಲಿಸೆಕೆಂಡ್ ತಡ ಸಾಕು, ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ದನಿ ಮುಟ್ಟಲು ನೂರಕ್ಕೂ ಹೆಚ್ಚು ಬೇಕು. ಒಬ್ಬರು ಹೇಳಲಿ, ಉಳಿದವರು ಮ್ಯೂಟ್‌ನಲ್ಲಿದ್ದು ಜೊತೆಗೂಡಲಿ. ಆದರೆ ಸಂಗೀತದ ವಿಷಯದಲ್ಲಿ ಜೂಮ್‌ಗೆ ಪೂರ್ತಿ ಅಂಕ ಕೊಡಬೇಕು. ಒಂದೇ ಸಮನೆ ಮೊಳಗುವ ತಂಬೂರಿಯ ಶ್ರುತಿಯನ್ನು ಇಂಥ ಆ್ಯಪ್‌ಗಳು ಫ್ಯಾನಿನ ಗದ್ದಲವೆಂದು ಬಗೆದು ಒರೆಸಿಹಾಕುತ್ತವೆ, ಹಾಡುವವರ ದನಿ ಆಧಾರವಿಲ್ಲದೆ ತೇಲುತ್ತದೆ. ಜೂಮ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿರುವ ‘ಒರಿಜಿನಲ್ ಸೌಂಡ್’ ಆನ್ ಮಾಡಿದರೆ ಹೀಗೆ ಒರೆಸಿಹಾಕುವುದು ನಿಲ್ಲುತ್ತದೆ. ಆನ್ ಮಾಡಬೇಕಾದವರು ಹಾಡುವವರು, ಕೇಳುವವರಲ್ಲ.

ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷದ ಗಡಿ, ಇಬ್ಬರಿಗೆ ಇಡೀ ದಿನ. ರಿಂಗ್ ಆಗುತ್ತಿದ್ದ, ದುರ್ಬಲ ನೆಟ್‌ವರ್ಕ್‌ನಲ್ಲೂ ಚೆನ್ನಾಗಿಯೇ ನಡೆಯುತ್ತಿದ್ದ ತನ್ನದೇ ಇನ್ನೊಂದು ಆ್ಯಪ್ ಡ್ಯುಯೋವನ್ನು ಗೂಗಲ್ 2022ರಲ್ಲಿ ಮೀಟ್‌ನೊಳಗೆ ಕರಗಿಸಿ, ಚೆನ್ನಾಗಿದ್ದುದನ್ನು ಗೊಂದಲ ಮಾಡಿತು. ಜಿಟ್ಸಿ ಎಂಬ ಇನ್ನೊಂದು ವಿಡಿಯೋ ಕಾಲ್ ಆ್ಯಪಿಗೆ ಸಮಯದ ಗಡಿಯಿಲ್ಲ, ಅದರ ತಂತ್ರಾಂಶದ ಒಳಗೇನಿದೆ ಎಂದು ಯಾರು ಬೇಕಾದರೂ ನೋಡಬಹುದು. ಆದರೆ 2023ರ ಆಗಸ್ಟ್‌ನಿಂದ ಅದರ ಉಚಿತ ತಾಣದಲ್ಲಿ ಸಭೆ ಶುರುಮಾಡುವವರಿಗೆ ಲಾಗಿನ್ ಬೇಕು.

ಡೇಟಾ ಲೆಕ್ಕವನ್ನೂ ನೋಡಿಕೊಳ್ಳಿ. ಇಬ್ಬರ ನಡುವಿನ ಒಳ್ಳೆ ಗುಣಮಟ್ಟದ ವಿಡಿಯೋಗೆ ಜೂಮ್ ಹೇಳುವುದು ಹೋಗಲೂ ಬರಲೂ ಸೆಕೆಂಡಿಗೆ ತಲಾ 600 ಕಿಲೋಬಿಟ್, ಎಂದರೆ ಗಂಟೆಗೆ ಸುಮಾರು 540 ಎಂಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದರೆ ಮೂರು ಗಂಟೆಯೊಳಗೆ ಖಾಲಿ. ಆಮೇಲೆ ವೇಗ 64 ಕಿಲೋಬಿಟ್‌ಗೆ ಇಳಿದಾಗ ಚಿತ್ರ ಕಲ್ಲಾಗುತ್ತದೆ. ಕ್ಯಾಮೆರಾ ಆಫ್ ಮಾಡಿದರೆ ಮಾತು ಇನ್ನೂ ನಡೆಯುತ್ತದೆ. ವಾಟ್ಸಾಪ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ ಒಳಗೆ ಕರೆಗಳಿಗೆ ಕಡಿಮೆ ಡೇಟಾ ಬಳಸುವ ಗುಂಡಿಯಿದೆ.

ವೈಫೈ ಇದ್ದರೂ ಮುಚ್ಚಿದ ಬಾಗಿಲು, ಗೋಡೆಗಳ ಆಚೆ ಅದರ 5 ಗಿಗಾಹರ್ಟ್ಸ್ ತರಂಗ ಸೊರಗುತ್ತದೆ, ಕೋಣೆಯ ಫೋನನ್ನು ಗೋಡೆ ದಾಟಬಲ್ಲ 2.4 ಗಿಗಾಹರ್ಟ್ಸ್‌ಗೆ ಕಟ್ಟಿಹಾಕಿ. ಕರೆಂಟ್ ಹೋದಾಗ ಫೋನ್ ಉಳಿದರೂ ರೌಟರ್ ಸಾಯುತ್ತದೆ. ಅದಕ್ಕೆಂದೇ ಬರುವ ಮಿನಿ ಯುಪಿಎಸ್ ಕೊಳ್ಳುವ ಮುನ್ನ ರೌಟರಿನ ಅಡಾಪ್ಟರ್ ಮೇಲಿನ ವೋಲ್ಟ್ ಓದಿ: 9 ವೋಲ್ಟಿನ ರೌಟರಿಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು. ಫೈಬರ್ ಸಂಪರ್ಕದಲ್ಲಿ ಗೋಡೆಯ ಮೇಲೆ ಬೇರೆಯೇ ಒಂದು ಪೆಟ್ಟಿಗೆ ಇದ್ದರೆ ಅದಕ್ಕೂ ವಿದ್ಯುತ್ ಬೇಕು, ಎರಡು ತಂತಿ ಹೊರಡುವ ಯುಪಿಎಸ್ಸನ್ನೇ ಕೇಳಿ ತನ್ನಿ.