ಪೇಟೆಯ ಐದು ರೂಪಾಯಿ ಶೌಚಾಲಯ: ಮೂರು ವರ್ಷ ಬಳಸಿದ ಮೇಲೆ

ನಾನು ಟೈಲರ್ ಅಂಗಡಿಗಳಿಗೆ ಸೀರೆ ಫಾಲ್ಸ್, ಲೈನಿಂಗ್ ಬಟ್ಟೆ, ದಾರ ಸಪ್ಲೈ ಮಾಡುತ್ತೇನೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಮಾಲು ತೆಗೆದುಕೊಂಡು ಗಾಂಧಿ ಬಜಾರ್, ಜಯನಗರ, ಮಲ್ಲೇಶ್ವರ ಅಂತ ಬೆಳಗ್ಗೆಯಿಂದ ಸಂಜೆವರೆಗೆ ಓಡಾಟ. ಮೊದಲ ವರ್ಷ ನೀರೇ ಕುಡಿಯುತ್ತಿರಲಿಲ್ಲ. ಮನೆಯಿಂದ ತಂದ ಬಾಟಲಿ ಸಂಜೆ ಹಾಗೇ ವಾಪಸ್ ಹೋಗುತ್ತಿತ್ತು. ಎರಡು ಸಲ ಮೂತ್ರದ ಸೋಂಕಾಯಿತು. ಎರಡನೇ ಸಲ ಡಾಕ್ಟರಮ್ಮ, "ಎಷ್ಟು ಸಲ ಅಂತ ಮಾತ್ರೆ ಕೊಡಲಿ? ಮೊದಲು ನೀರು ಕುಡಿಯಮ್ಮ" ಅಂದರು. ಕುಡಿದರೆ ಹೋಗುವುದೆಲ್ಲಿಗೆ?

ಫೋನಿನ ಮ್ಯಾಪ್‌ನಲ್ಲಿ ಹುಡುಕಿದರೆ ಗುರುತುಗಳಿಗೇನೂ ಕೊರತೆಯಿಲ್ಲ. "ಎಸ್‌ಬಿಎಂ ಟಾಯ್ಲೆಟ್" ಅಂತ ಕಂಡರೂ ಅದು ಸಾರ್ವಜನಿಕ ಶೌಚಾಲಯವೇ, ಸ್ವಚ್ಛ ಭಾರತ್ ಮಿಷನ್ ಲೆಕ್ಕದ್ದು. ಆದರೆ ಹೋಗಿ ನೋಡಿದರೆ ಒಂದು ಕಡೆ ಬೀಗ, ಇನ್ನೊಂದು ಕಡೆ ಗಂಡಸರಿಗೆ ಮಾತ್ರ. ನಾಣ್ಯ ಹಾಕಿದರೆ ತೆರೆಯುವ ಇ-ಟಾಯ್ಲೆಟ್ ಒಂದಕ್ಕೆ ನಾಣ್ಯ ಹಾಕಿ ಐದು ನಿಮಿಷ ಕಾದೆ. ಬಾಗಿಲು ತೆರೆಯಲೇ ಇಲ್ಲ. ಅವತ್ತಿನಿಂದ ಎಷ್ಟು ಸ್ಟಾರ್ ಅಂತ ನೋಡುವುದನ್ನು ಬಿಟ್ಟೆ. ಹೊಸ ವಿಮರ್ಶೆಗಳನ್ನು ಮೇಲೆ ತಂದುಕೊಂಡು, ಅದರಲ್ಲೂ ಹೆಂಗಸರು ಬರೆದಿದ್ದನ್ನು ಹುಡುಕಿ ಓದುತ್ತೇನೆ.

ಹಾಗೆ ಸಿಕ್ಕಿದ್ದು ಬಟ್ಟೆ ಗೋಡೌನ್‌ಗಳ ಹಿಂದಿನ ಗಲ್ಲಿಯಲ್ಲಿರುವ ಈ ಪೇ ಅಂಡ್ ಯೂಸ್. ನೀರು ಯಾವಾಗಲೂ ಇರುತ್ತದೆ, ಅದೇ ದೊಡ್ಡ ವಿಷಯ. ತೊಂದರೆ ಇದ್ದದ್ದು ಚಿಲಕದ್ದು. ಕಂಬಿ ಇತ್ತು, ಅದು ಹೋಗಿ ಕೂರುವ ಕೊಂಡಿ ಇರಲಿಲ್ಲ. ಒಂದು ಕೈಯಲ್ಲಿ ಬಾಗಿಲು ಎಳೆದು ಹಿಡಿಯಬೇಕು. ನೆಲ ಒದ್ದೆ, ಚೀಲ ಇಡುವ ಹಾಗಿಲ್ಲ, ಅದರಲ್ಲಿ ನಾಲ್ಕು ಸಾವಿರದ ಲೈನಿಂಗ್ ಬಟ್ಟೆ. ಚೀಲ ಕುತ್ತಿಗೆಗೆ ಹಾಕಿಕೊಂಡು, ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಕೂರಬೇಕಿತ್ತು. ಹೊರಗೆ ಯಾರಾದರೂ ಕೆಮ್ಮಿದರೆ ಎದೆ ಝಲ್ ಅನ್ನುತ್ತಿತ್ತು.

ಬೋರ್ಡಿನಲ್ಲಿದ್ದ ದೂರಿನ ನಂಬರಿಗೆ ಮೂರು ಸಲ ಫೋನ್ ಮಾಡಿದೆ. "ನೋಡ್ತೀವಿ ಮೇಡಂ" ಅಂದರು. ಎಂಟು ತಿಂಗಳು ಹೀಗೇ ಹೋಯಿತು. ಕೊನೆಗೆ ನಾನು, ಅಲ್ಲಿ ನೋಡಿಕೊಳ್ಳುವ ಅಕ್ಕ, ಪಕ್ಕದ ಲೇಸ್ ಅಂಗಡಿಯವರು ಸೇರಿ ಎಸ್‌ಜೆಪಿ ರಸ್ತೆಯಿಂದ ಒಂದು ಚಿಲಕ, ಎರಡು ಗೋಡೆ ಕೊಕ್ಕೆ ತಂದೆವು. ಗೋಡೌನಿಗೆ ಬಂದಿದ್ದ ಬಡಗಿ ಹಾಕಿಕೊಟ್ಟರು. ಒಟ್ಟು 140 ರೂಪಾಯಿ, ಅರ್ಧ ಗಂಟೆ ಕೆಲಸ. ನಾವು ಮಾಡಬೇಕಾದ ಕೆಲಸ ಅದಲ್ಲ, ನನಗೂ ಗೊತ್ತು. ಆದರೆ ಚೀಲ ಕೊಕ್ಕೆಗೆ ಹಾಕಿ, ಎರಡೂ ಕೈ ಬಿಟ್ಟು ಕೂತ ಆ ಮೊದಲ ದಿನ ಅಳು ಬಂದುಬಿಟ್ಟಿತ್ತು.

ಆ ಅಕ್ಕನ ಬಗ್ಗೆ ಹೇಳಲೇಬೇಕು. ರಾಯಚೂರು ಕಡೆಯವರು. ಕಟ್ಟಡ ಹಳೆಯದು, ಟೈಲ್ಸ್ ಒಡೆದಿದೆ, ಆದರೂ ಅದು ಬಳಸುವ ಹಾಗಿರುವುದು ಅವರಿಂದ. "ತಡ್ರೀ ಅಕ್ಕಾರ, ನೀರ್ ಹಾಕಿ ಕೊಡ್ತೀನಿ" ಅಂತ ಪ್ರತಿ ಸಲ ಒಂದು ಬಕೆಟ್ ಸುರಿದೇ ಒಳಗೆ ಬಿಡುತ್ತಾರೆ. ದಿನಕ್ಕಿಷ್ಟು ಅಂತ ಗುತ್ತಿಗೆದಾರರಿಗೆ ಕಟ್ಟಬೇಕು, ಮಿಕ್ಕಿದ್ದು ಇವರ ಪಾಲು. ಫಿನಾಯಿಲ್ ಕೂಡ ಆ ಮಿಕ್ಕಿದ್ದರಲ್ಲೇ ಬರಬೇಕು. ಅವರು ಊರಿಗೆ ಹೋದ ಎರಡನೇ ದಿನಕ್ಕೆ ಒಳಗೆ ಕಾಲಿಡಲಾಗುವುದಿಲ್ಲ. ಇವರಿಗೆ ತಿಂಗಳ ಸಂಬಳ, ಗ್ಲೌಸು, ಫಿನಾಯಿಲ್ ಕೊಡದೆ ಹೊಸ ಕಟ್ಟಡ ಕಟ್ಟಿದರೂ ಒಂದು ವರ್ಷದಲ್ಲಿ ಅದರ ಗತಿಯೂ ಅಷ್ಟೇ.

ದುಡ್ಡಿನ ವಿಷಯ. ಹಣ ಕೊಟ್ಟು ಬಳಸುವ ಈ ಪದ್ಧತಿಯನ್ನು ಬಿಂದೇಶ್ವರ ಪಾಠಕ್ ಅವರ ಸುಲಭ್ ಸಂಸ್ಥೆ 1970ರ ದಶಕದಲ್ಲಿ ಬಿಹಾರದಲ್ಲಿ ಶುರು ಮಾಡಿತು. ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಗಂಡಸರಿಗೆ ಮೂತ್ರಕ್ಕೆ ಎರಡು ರೂಪಾಯಿ, ನಮಗೆ ಅದಕ್ಕೂ ಐದು. ಮುಂಬೈಯಲ್ಲಿ 2011ರಲ್ಲಿ ಶುರುವಾದ "ರೈಟ್ ಟು ಪೀ", ಅಂದರೆ ಮೂತ್ರಕ್ಕೆ ಹೋಗುವ ಹಕ್ಕಿನ ಚಳವಳಿಯಲ್ಲಿ ಹೆಂಗಸರು ಕೇಳಿದ್ದೂ ಇದನ್ನೇ ಅಲ್ವಾ? 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ ಫ್ರೀ ಆಯಿತು, ಪೇಟೆಗೆ ಬರುವ ಹೆಂಗಸರೂ ಜಾಸ್ತಿಯಾದರು. ಇಲ್ಲಿ ನಮಗಿರುವುದು ಈಗಲೂ ಎರಡೇ ಕೋಣೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಹತ್ತು ಜನರ ಸಾಲು. ಬಟ್ಟೆ ಸರಿಮಾಡಿಕೊಳ್ಳಬೇಕು, ಮಗು ಜೊತೆಗಿರುತ್ತದೆ, ಮುಟ್ಟಿನ ದಿನಗಳಿರುತ್ತವೆ. ನಮಗೆ ಹೊತ್ತು ಹಿಡಿಯುತ್ತದೆ, ಹಾಗಾಗಿ ಕೋಣೆಗಳೂ ನಮ್ಮ ಕಡೆಯೇ ಜಾಸ್ತಿ ಬೇಕು.

ಮೆಟ್ರೋದಲ್ಲಿ ಬರುವವರಿಗೆ ಒಂದು ಮಾತು: ಕೆಲವು ಸ್ಟೇಷನ್‌ಗಳಲ್ಲಿ ಟಾಯ್ಲೆಟ್ ಟಿಕೆಟ್ ಗೇಟಿನ ಒಳಗಿರುತ್ತದೆ. ಹೊರಗೆ ಬರುವ ಮುಂಚೆಯೇ ಕೇಳಿಕೊಳ್ಳಿ.

ಇನ್ನೊಂದು ವಿನಂತಿ. ನೀವು ಹೋದ ಕಡೆಯದನ್ನು ಮ್ಯಾಪ್‌ನಲ್ಲಿ ಬರೆಯಿರಿ. ಸುಮ್ನೆ "ಗಲೀಜು" ಅಂತ ಬರೆದರೆ ಏನೂ ತಿಳಿಯುವುದಿಲ್ಲ. ಚಿಲಕ ಬೀಳುತ್ತಾ, ನೀರಿದೆಯಾ, ಲೈಟ್ ಇದೆಯಾ, ಎಷ್ಟು ಗಂಟೆಗೆ ಬೀಗ ಹಾಕುತ್ತಾರೆ, ಇಷ್ಟು ಬರೆಯಿರಿ. ನಾನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯುತ್ತೇನೆ. ಅದನ್ನು ಓದಿಕೊಂಡೇ ಬಂದೆ ಅಂತ ಒಬ್ಬ ಹುಡುಗಿ ಸಾಲಿನಲ್ಲಿ ಸಿಕ್ಕಿದ್ದಳು.

ಈ ಸಲದ್ದು: ಚಿಲಕ ಎರಡೂ ಸರಿ. ನೀರಿದೆ. ಒಳಗಿನ ಕೋಣೆಯ ಬಲ್ಬ್ ಹೋಗಿದೆ, ಫೋನ್ ಟಾರ್ಚ್ ಬೇಕು. ಪ್ಯಾಡ್ ಹಾಕಲು ಬುಟ್ಟಿ ಇನ್ನೂ ಇಲ್ಲ, ಪೇಪರ್ ಕವರ್ ತನ್ನಿ. ರಾತ್ರಿ 8ಕ್ಕೆ ಬೀಗ. ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ, ಬುಟ್ಟಿ ಬಂದ ದಿನ ನಾಲ್ಕು ಮಾಡುತ್ತೇನೆ.