ಕರೆಂಟ್ ಬೇಡದ ಬೈರಿಗೆ: ಕುಮಟಾದ ಹಳೇ ಮನೆಯಲ್ಲಿ ಹಲವು ಮಳೆಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಮರದ ಮನೆ ಇದ್ದವರು ಒಂದು ಬ್ರೇಸ್, ಅಂದರೆ ಕೈಯಿಂದ ತಿರುಗಿಸುವ ಬೈರಿಗೆ, ಇಟ್ಟುಕೊಳ್ಳಿ. ಫ್ಲಾಟಿನಲ್ಲಿ ಇರುವವರಿಗೆ ಬೇಡ, ಸುಮ್ನೆ ದುಡ್ಡು ದಂಡ.

ನೋಡಲಿಕ್ಕೆ ನಡುವೆ ಹೊರಕ್ಕೆ ಬಾಗಿದ ಕಬ್ಬಿಣದ ಸರಳು, ಮೇಲೆ ಅಣಬೆಯಂಥ ಮರದ ತಲೆ, ಕೆಳತುದಿಯಲ್ಲಿ ಬಿಟ್ (ಕೊರೆಯುವ ಇಲ್ಲವೇ ಸ್ಕ್ರೂ ತಿರುಗಿಸುವ ಅಲಗು) ಕಚ್ಚಿ ಹಿಡಿಯುವ ಚಕ್. ಆ ತಲೆಯನ್ನು ಅಂಗೈಗೋ ಎದೆಗೋ ಒತ್ತಿಕೊಂಡು, ನಡುವಿನ ಹಿಡಿಯನ್ನು ಗಿರಗಿರ ತಿರುಗಿಸಬೇಕು. ಹಳೇ ಆಚಾರಿಗಳ ಪೆಟ್ಟಿಗೆಯಲ್ಲಿ ಇರುತ್ತಿತ್ತು. ನಮ್ಮ ಮನೆಗೆ ಕೆಲಸಕ್ಕೆ ಬಂದ ಆಚಾರಿ ನೋಡಿ ನಕ್ಕುಬಿಟ್ಟರು. "ಮಾಸ್ತರ್ರೇ, ಇದನ್ನ ಎಲ್ಲಿಂದ ಹುಡುಕಿ ತಂದ್ರಿ? ನಮ್ಮ ಅಪ್ಪಂದು ಅಟ್ಟದ ಮೇಲೆ ಬಿದ್ದಿತ್ತು, ಗುಜರಿಗೆ ಹಾಕ್ದೆ." ಆಮೇಲೆ ಅದೇ ಮನುಷ್ಯ ಎರಡು ಸಲ ಕೇಳಿ ಒಯ್ದಿದ್ದಾರೆ, ಆ ಮಾತು ಬೇರೆ.

ನನ್ನ ಹತ್ತಿರ ಎರಡಿವೆ. ಒಂದು ಆನ್‌ಲೈನಿನಲ್ಲಿ ತರಿಸಿದ ಹೊಸದು. ಇನ್ನೊಂದು ಹುಬ್ಬಳ್ಳಿಯ ಗುಜರಿ ಅಂಗಡಿಯದು, ಮೈಮೇಲೆ ಶೆಫೀಲ್ಡ್ (ಉಕ್ಕಿನ ಸಾಮಾನಿಗೆ ಹೆಸರಾದ ಇಂಗ್ಲೆಂಡಿನ ಊರು) ಅಂತ ಮುದ್ರೆ ಇದೆ. ಎರಡೂ 10 ಇಂಚಿನವು, ಅಂದರೆ ಹಿಡಿ ಸುತ್ತುವ ವೃತ್ತ ಅಷ್ಟು ಅಗಲ. ಈ ಅಳತೆಯಲ್ಲೇ ಇದರ ಗುಟ್ಟು ಇರುವುದು. ಕೈ ನಡುವಿನಿಂದ 5 ಇಂಚು ದೂರ ನಿಂತು ತಿರುಗಿಸುತ್ತದೆ. ಮಾಮೂಲಿ ಸ್ಕ್ರೂಡ್ರೈವರಿನಲ್ಲಿ ಆ ದೂರ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ಅದೇ ಕೈಬಲಕ್ಕೆ ಏಳೆಂಟು ಪಟ್ಟು ಜಾಸ್ತಿ ತಿರುಚುವ ಶಕ್ತಿ ಸಿಗುತ್ತದೆ.

ನಾನು ಜಾಸ್ತಿ ಬಳಸಿದ್ದು ತೂತು ಕೊರೆಯಲಿಕ್ಕಲ್ಲ, ತುಕ್ಕು ಹಿಡಿದ ಸ್ಕ್ರೂ ಬಿಚ್ಚಲಿಕ್ಕೆ. ಸಮುದ್ರದ ಹತ್ತಿರ ಇರುವವರಿಗೆ ಗೊತ್ತು. ಗಾಳಿಯಲ್ಲಿ ಬಂದ ಉಪ್ಪು ಕಬ್ಬಿಣದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ಹಲಸಿನ ಬಾಗಿಲಿನ ಬಿಜಾಗರಿಯಲ್ಲಿ ಒಂದೇ ಗೀರಿನ ಹಳೇ ಸ್ಕ್ರೂ ಕಚ್ಚಿಕೊಂಡು ಕೂತಿರುತ್ತದೆ. ಬ್ಯಾಟರಿ ಡ್ರಿಲ್ ಹಾಕಿದರೆ ಬಿಟ್ ಜಾರಿ ಗೀರೇ ಹಾಳು. ಬ್ರೇಸಿಗೆ ಚಪ್ಪಟೆ ಬಿಟ್ ಹಾಕಿ, ಮೈಭಾರವನ್ನೆಲ್ಲ ತಲೆಯ ಮೇಲೆ ಕೊಟ್ಟು, ನಿಧಾನ ತಿರುಗಿಸಿದರೆ 'ಕಟ್' ಅಂತ ಬಿಡುತ್ತದೆ. ಮೊದಲು ಗೀರಿನೊಳಗಿನ ಬಣ್ಣ, ತುಕ್ಕು ಕೆರೆದು ತೆಗೆಯಿರಿ. ಬಿಟ್ ಗೀರಿಗೆ ಸರಿಯಾಗಿ ತುಂಬಬೇಕು, ಇಲ್ಲದಿದ್ದರೆ ಅರ ಹಾಕಿ ಹೊಂದಿಸಿ. ಬಿಚ್ಚುವ ಮೊದಲು ಒಂದು ಕೂದಲಷ್ಟು ಬಿಗಿ ಮಾಡಿದರೆ ತುಕ್ಕಿನ ಹಿಡಿತ ಒಡೆಯುತ್ತದೆ. ಗೋಡೆ ಮೂಲೆಯಲ್ಲಿ ಪೂರ್ತಿ ಸುತ್ತು ಬರದಿದ್ದರೆ ಚಕ್ ಹಿಂದಿನ ಬಳೆ ತಿರುಗಿಸಿ, ರ್‍ಯಾಚೆಟ್ (ಬಿಟ್ಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಹಲ್ಲಿನ ಕೊಂಡಿ) ಹಿಡಿದುಕೊಳ್ಳುತ್ತದೆ. ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡಿದರೂ ಕೆಲಸ ಆಗುತ್ತದೆ.

ಇನ್ನು ತೂತಿನ ಮಾತು. ಜಗಲಿಯ ಉಯ್ಯಾಲೆಗೆ ಮತ್ತಿ ಮರದ ತೊಲೆಯಲ್ಲಿ ಬೋಲ್ಟ್ ಹಾಕಬೇಕಿತ್ತು. ಆಷಾಢದ ಮಳೆ, ಕರೆಂಟಿನ ಸುದ್ದಿಯೇ ಇಲ್ಲ. ಅಟ್ಟ ಹತ್ತಿ ಮೇಲಿನಿಂದ ಕೊರೆದೆ. ಸುರುಳಿ ಬಿಟ್‌ನ ತುದಿಯಲ್ಲಿ ಪುಟ್ಟ ತಿರುಪು ಇರುತ್ತದೆ, ಅದೇ ಬಿಟ್ಟನ್ನು ಮರದೊಳಗೆ ಎಳೆದುಕೊಂಡು ಹೋಗುತ್ತದೆ. ಅಂಚಿನ ಎರಡು ಮೊನೆ ವೃತ್ತ ಗೀರುತ್ತವೆ, ನಡುವಿನ ಅಲಗು ಸಿಪ್ಪೆ ಎಬ್ಬಿಸುತ್ತದೆ, ಸುರುಳಿ ಅದನ್ನು ಮೇಲೆ ತರುತ್ತದೆ. ಮತ್ತಿಯಂಥ ಗಟ್ಟಿ ಮರದಲ್ಲಿ ಬೆವರಂತೂ ಇಳಿಯಿತು. ಆದರೆ ತೂತಿನ ಒಳಮೈ ನುಣುಪು, ಎಲ್ಲೂ ಸುಟ್ಟ ಕಲೆ ಇಲ್ಲ. ಕೆಳಗೆ ತಿರುಪಿನ ತುದಿ ಕಂಡ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಕೊರೆಯಬೇಕು. ಇಲ್ಲದಿದ್ದರೆ ಮರ ಸಿಗಿದು ಏಳುತ್ತದೆ.

ಆಗದ ಕೆಲಸಗಳೂ ಇವೆ. ಚಿರೆಕಲ್ಲಿನ ಗೋಡೆಗೆ ಇದು ಪ್ರಯೋಜನವಿಲ್ಲ. ಕಾಲು ಇಂಚಿಗಿಂತ ಸಣ್ಣ ತೂತಿಗೆ ಬ್ಯಾಟರಿ ಡ್ರಿಲ್ಲೇ ವಾಸಿ. ಹತ್ತಾರು ಸ್ಕ್ರೂ ಕೂರಿಸುವಾಗ ಬ್ರೇಸ್ ಹಿಡಿದರೆ ಸಂಜೆಯಾಗುತ್ತದೆ.

ಹೊಸ ಬ್ರೇಸಿನ ಬಗ್ಗೆ ಬೇಜಾರಿದೆ. ಒಂದೇ ಮಳೆಗಾಲಕ್ಕೆ ಚಕ್ಕಿನ ಹೊಳಪು ಎದ್ದು ಹೋಯಿತು. ತಲೆ ಅಲ್ಲಾಡುತ್ತದೆ. ಚಕ್ಕಿನೊಳಗೆ ಬಿಟ್ ಕಚ್ಚುವ ದವಡೆಗಳ ನಡುವಿನ ಸ್ಪ್ರಿಂಗ್ ಹಾರಿ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಗುಜರಿಯದಕ್ಕೆ ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್ ಹಾಕಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ. ಈ ಎರಡು ದವಡೆಯ ಚಕ್ಕಿಗೆ 1864ರಲ್ಲೇ ಅಮೆರಿಕದ ವಿಲಿಯಂ ಬಾರ್ಬರ್ ಪೇಟೆಂಟ್ ಪಡೆದಿದ್ದ. ಇವತ್ತಿಗೂ ಹೆಚ್ಚುಕಮ್ಮಿ ಅದೇ ವಿನ್ಯಾಸ. ಚೌಕವಾಗಿ ಚೂಪಾಗುತ್ತಾ ಹೋಗುವ ಬುಡದ ಬಿಟ್‌ಗಳಿಗೆಂದೇ ಮಾಡಿದ್ದು. ಉರುಟು ಬುಡದ ಡ್ರಿಲ್ ಬಿಟ್ ಹಾಕಿದರೆ ಜಾರುತ್ತದೆ. ಅದು ಬ್ರೇಸಿನ ತಪ್ಪಲ್ಲ.

ಎಣ್ಣೆ ವಿಷಯ. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಅಂತ ಹಚ್ಚಬೇಡಿ, ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷಿನ್ನಿನ ಎಣ್ಣೆ ಸಾಕು.

ಇದರ ಜೊತೆಗೇ ಒತ್ತಿದರೆ ತಾನಾಗಿ ತಿರುಗುವ ಸ್ಕ್ರೂಡ್ರೈವರ್ ಒಂದು ಕೊಂಡಿದ್ದೆ. ಮಕ್ಕಳಿಗೆ ಆಟಕ್ಕೆ ಚಂದ, ಅಷ್ಟೇ. ಕಾರ್ಡಿನಷ್ಟೇ ದೊಡ್ಡದಾದ ಉಕ್ಕಿನ ಸ್ಕ್ರೇಪರ್ ಮಾತ್ರ ಒಳ್ಳೇ ಖರೀದಿ. ಹಲಸಿನ ಎಳೆ ಅತ್ತಿತ್ತ ಹೆಣೆದುಕೊಂಡಿರುವುದರಿಂದ ಕೀಸುಳಿ ಹೊಡೆದರೆ ಕಿತ್ತು ಬರುತ್ತದೆ. ಅಲ್ಲಿ ಇದು ಚೆನ್ನಾಗಿ ಹೆರೆಯುತ್ತದೆ. ಆಚಾರಿಗಳು ಒಡೆದ ಗಾಜಿನ ಚೂರಿನಲ್ಲಿ ಮಾಡುವ ಕೆಲಸವೇ, ಆದರೆ ಕೈ ಕೊಯ್ಯುವುದಿಲ್ಲ.

ಹಳೇದು ಕೊಳ್ಳುವವರು ಬ್ರೇಸಿಗಿಂತ ಬಿಟ್‌ಗಳನ್ನು ಸರಿಯಾಗಿ ನೋಡಿ. ಬುಡದ ಮೇಲಿನ ಅಂಕಿ ಸಾಮಾನ್ಯವಾಗಿ ಇಂಚಿನ ಹದಿನಾರನೇ ಭಾಗದ ಲೆಕ್ಕ. 8 ಅಂತಿದ್ದರೆ ಅರ್ಧ ಇಂಚು, 12 ಅಂದರೆ ಮುಕ್ಕಾಲು. ತುದಿಯ ತಿರುಪು ಸವೆದಿದ್ದರೆ ಬಿಟ್ಟುಬಿಡಿ, ಅದನ್ನು ಸರಿ ಮಾಡಲಿಕ್ಕೆ ಬರುವುದಿಲ್ಲ. ಅಲಗು ಮೊಂಡಾಗಿದ್ದರೆ ಚಿಂತೆಯಿಲ್ಲ, ಸಣ್ಣ ಅರದಿಂದ ಮೇಲ್ಮುಖವನ್ನಷ್ಟೇ ಉಜ್ಜಿ. ಅಂಚಿನ ಮೊನೆಗಳಿಗೆ ಒಳಗಿನಿಂದ ಮಾತ್ರ ಅರ ಹಾಕಿ. ಹೊರಗಿನಿಂದ ಉಜ್ಜಿದರೆ ತೂತು ಬಿಟ್‌ನ ಮೈಗಿಂತ ಸಣ್ಣದಾಗಿ, ಬಿಟ್ ಅರ್ಧದಲ್ಲೇ ಸಿಕ್ಕಿಬೀಳುತ್ತದೆ.