ಫೈರ್ ಎಂಬ್ಲೆಮ್ ಥ್ರೀ ಹೌಸಸ್: ಆರಾಮಾಗಿ ಆಡಬೇಕೆನ್ನುವವರಿಗೆ, ನಾಲ್ಕೂ ದಾರಿ ಮುಗಿಸಿದ ಮೇಲೆ ಬರೆದ ವಿಮರ್ಶೆ

ಆರಾಮಾಗಿ ಆಡೋಣ ಎಂದು ಈ ಆಟ ಶುರು ಮಾಡಿದವರು ನಡುವೆ ಕೈಬಿಟ್ಟರೆ, ಹೆಚ್ಚಿನ ಸಲ ಕಾರಣ ಕಥೆ ನಡೆಯುವ ಮಠದಲ್ಲಿ ಓಡಾಡಿ ಕಳೆಯುವ ಭಾನುವಾರಗಳು. ಕದನವನ್ನು ಹಗುರ ಮಾಡಿಕೊಳ್ಳಲು ಆಟದಲ್ಲೇ ಬೇಕಾದಷ್ಟು ಅನುಕೂಲಗಳಿವೆ. ಮಠದ ಓಡಾಟಕ್ಕೆ ಮಿತಿ ಹಾಕಿಕೊಳ್ಳಬೇಕಾದವರು ಮಾತ್ರ ಆಡುವವರೇ. ಇದೊಂದು ಗೊತ್ತಿದ್ದರೆ ಐವತ್ತು ಗಂಟೆ ಆಸುಪಾಸಿನ ಒಂದು ದಾರಿ (ಒಂದು ಕಡೆಯವರ ಪೂರ್ತಿ ಕಥೆ) ಬೇಸರವಿಲ್ಲದೆ ಮುಗಿಯುತ್ತದೆ, ಮುಗಿದ ಮೇಲೆ ಇನ್ನೊಂದು ದಾರಿ ಹಿಡಿಯುವ ಆಸೆಯೂ ಉಳಿದಿರುತ್ತದೆ.

ಆಟ ನಿಂಟೆಂಡೊ ಸ್ವಿಚ್‌ಗೆ ಬಂದದ್ದು 2019ರ ಜುಲೈ 26ರಂದು. ಫೋಡ್ಲಾನ್ ಎಂಬ ಖಂಡ, ಅದರ ನಟ್ಟನಡುವೆ ಗ್ಯಾರೆಗ್ ಮಾಕ್ ಮಠ, ಮಠದೊಳಗೊಂದು ಸೈನಿಕ ವಿದ್ಯಾಲಯ. ನೀವು ಅಲ್ಲಿನ ಪ್ರೊಫೆಸರ್ ಬೈಲೆತ್. ಮೂರು ತಂಡಗಳಲ್ಲಿ ಒಂದನ್ನು ಆರಿಸಿ, ವಾರಕ್ಕೊಮ್ಮೆ ಪಾಠ ಹೇಳಿ, ತಿಂಗಳ ಕೊನೆಗೆ ಅವರನ್ನು ಕರೆದುಕೊಂಡು ಯುದ್ಧಕ್ಕೆ ಹೋಗಬೇಕು. ಕದನ ಚೌಕಾಕಾರದ ಮನೆಗಳ ಮೇಲೆ ಸರದಿಯಂತೆ ನಡೆಯುತ್ತದೆ, ಹೆಚ್ಚುಕಮ್ಮಿ ಚದುರಂಗದ ಹಾಗೆ.

ಮೊದಲ ಪರದೆಯಲ್ಲೇ ಎರಡು ಪ್ರಶ್ನೆ ಬರುತ್ತವೆ: ಕಷ್ಟದ ಮಟ್ಟ ಯಾವುದು, ಶೈಲಿ ಯಾವುದು. ನಾರ್ಮಲ್ ಮತ್ತು ಕ್ಯಾಶುವಲ್ ಆರಿಸಿಕೊಳ್ಳಿ. ಕ್ಲಾಸಿಕ್‌ನಲ್ಲಿ ಸತ್ತ ಪಾತ್ರ ಮತ್ತೆ ಬರುವುದಿಲ್ಲ. ಕ್ಯಾಶುವಲ್‌ನಲ್ಲಿ ಬಿದ್ದವರು ಕದನ ಮುಗಿದ ಮೇಲೆ ಎದ್ದು ಬರುತ್ತಾರೆ. ತಂತ್ರದ ಆಟಗಳು ಅಭ್ಯಾಸವಿದ್ದು, ನಾರ್ಮಲ್ ಸಪ್ಪೆ ಅನ್ನಿಸಬಹುದು ಎಂಬ ಅನುಮಾನವಿದ್ದರೆ ಹಾರ್ಡ್ ಮತ್ತು ಕ್ಯಾಶುವಲ್ ಜೋಡಿಯಿಂದ ಶುರು ಮಾಡುವುದು ಜಾಣತನ. ಹಾರ್ಡ್‌ನಿಂದ ನಾರ್ಮಲ್‌ಗೆ ನಡುವೆ ಇಳಿಯಬಹುದು, ನಾರ್ಮಲ್‌ನಿಂದ ಮೇಲಕ್ಕೆ ಏರಲು ಬರುವುದಿಲ್ಲ. ನಾರ್ಮಲ್‌ನಲ್ಲಿ ಎರಡನೇ ಭಾಗ (ಕಥೆ ಐದು ವರ್ಷ ಮುಂದಕ್ಕೆ ಹಾರಿದ ಮೇಲಿನದು) ನಿಜಕ್ಕೂ ಬಲು ಸುಲಭ. ಅಲ್ಲಿ ಬಲವಾದ ಒಬ್ಬನನ್ನು ಮುಂದೆ ಬಿಟ್ಟರೆ ಅರ್ಧ ನಕ್ಷೆ ಅವನೇ ಖಾಲಿ ಮಾಡುತ್ತಾನೆ.

ಯಾವ ತಂಡ? ಪ್ರತಿ ತಂಡದಲ್ಲೂ ನಾಯಕ ಸೇರಿ ಎಂಟು ವಿದ್ಯಾರ್ಥಿಗಳು. ಮೊದಲ ಸಲಕ್ಕೆ ನನ್ನ ಶಿಫಾರಸು ಗೋಲ್ಡನ್ ಡಿಯರ್. ಕ್ಲಾಡ್ ಮತ್ತು ಲಿಯೋನಿ ಬಿಲ್ಲಿಗೆ, ಹಿಲ್ಡಾ ಕೊಡಲಿಗೆ, ರಾಫೆಲ್ ಮುಷ್ಟಿಯುದ್ಧಕ್ಕೆ, ಲಿಸಿಥಿಯಾ ಮಂತ್ರಕ್ಕೆ, ಮೇರಿಯಾನ್ ಗಾಯ ವಾಸಿಮಾಡುವುದಕ್ಕೆ. ಒಂದು ಪಡೆಗೆ ಬೇಕಾದ ಎಲ್ಲವೂ ಕೈಗೆ ಬಂದ ಹಾಗೆ ಕೂತಿದೆ. ಖಂಡದ ಇತಿಹಾಸವೂ ಈ ದಾರಿಯಲ್ಲಿ ಹೆಚ್ಚು ಬಿಚ್ಚಿಕೊಳ್ಳುತ್ತದೆ. ಪಾತ್ರಗಳ ನೋವು ನಲಿವು ಮುಖ್ಯ ಅನ್ನುವವರಿಗೆ ಡಿಮಿಟ್ರಿಯ ಬ್ಲೂ ಲಯನ್ಸ್ ಹೆಚ್ಚು ಹಿಡಿಸುತ್ತದೆ. ಆ ಕಥೆಯ ತೂಕ ದೊಡ್ಡದು, ಮನಸ್ಸು ಹಗುರ ಮಾಡಿಕೊಳ್ಳಲು ಕೂತ ಸಂಜೆಗೆ ಸ್ವಲ್ಪ ಭಾರವೇ. ಎಡೆಲ್‌ಗಾರ್ಡ್‌ಳ ಬ್ಲ್ಯಾಕ್ ಈಗಲ್ಸ್ ದಾರಿ ನಡುವೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು 18 ಅಧ್ಯಾಯಕ್ಕೆ ಮುಗಿದರೆ ಇನ್ನೊಂದು 21ಕ್ಕೆ. ಉಳಿದೆರಡು ತಂಡಗಳ ಕಥೆಗೆ 22 ಅಧ್ಯಾಯ. ಈಗಲ್ಸ್ ಆರಿಸಿದವರು ಒಂದನ್ನು ನೆನಪಿಡಿ: ಮೊದಲ ಭಾಗದ ಕೊನೆಯ ತಿಂಗಳುಗಳಲ್ಲಿ ಎಡೆಲ್‌ಗಾರ್ಡ್ ಜೊತೆ ಮಾತಾಡದೆ ಮುಂದೆ ಹೋದರೆ ಅವಳ ಕಡೆಯ ಕವಲು ಮುಚ್ಚಿಹೋಗುತ್ತದೆ. ಆ ಹೊತ್ತಿಗೆ ಬೇರೆ ಸ್ಲಾಟ್‌ನಲ್ಲಿ ಒಂದು ಸೇವ್ ಇರಲೇಬೇಕು.

ಇನ್ನು ಮಠ. ರಜಾದಿನಕ್ಕೆ ನಾಲ್ಕು ಆಯ್ಕೆ: ಮಠ ಸುತ್ತುವುದು, ಸೆಮಿನಾರ್, ಕದನ, ವಿಶ್ರಾಂತಿ. ಸುತ್ತಲು ಹೊರಟರೆ ಒಂದು ಭಾನುವಾರಕ್ಕೇ ಒಂದು ಗಂಟೆ ಕರಗುತ್ತದೆ. ಪ್ರತಿ ವಾರವೂ ಸುತ್ತಬೇಕೆಂದು ಯಾವ ನಿಯಮವೂ ಇಲ್ಲ. ನನ್ನ ಲೆಕ್ಕ ತಿಂಗಳಿಗೆ ಎರಡು ಸುತ್ತು, ಒಂದು ಕದನ, ವಾರ ಉಳಿದರೆ ವಿಶ್ರಾಂತಿ. ವಿಶ್ರಾಂತಿ ಕೊಟ್ಟರೆ ವಿದ್ಯಾರ್ಥಿಗಳ ಉತ್ಸಾಹ ಒಂದಿಷ್ಟು ತುಂಬುತ್ತದೆ. ಬೈಲೆತ್‌ನ ಸ್ವೋರ್ಡ್ ಆಫ್ ದ ಕ್ರಿಯೇಟರ್ ಕತ್ತಿಯ ಬಾಳಿಕೆಯೂ ಸ್ವಲ್ಪ ಮರಳುತ್ತದೆ. ಆ ಕತ್ತಿಗೆ ಒಟ್ಟು ಇರುವುದೇ 20 ಬಳಕೆ, ಆದ್ದರಿಂದ ಇದು ಸಣ್ಣ ಲಾಭವೇನಲ್ಲ. ತೀರಾ ಬೇಸರ ಬಂದ ತಿಂಗಳಲ್ಲಿ ಕ್ಯಾಲೆಂಡರ್‌ನಲ್ಲೇ ಸ್ಕಿಪ್ ಕೊಟ್ಟು ಕೊನೆಯ ಕಾರ್ಯಾಚರಣೆಗೆ ನೆಗೆಯಬಹುದು. ನಾರ್ಮಲ್‌ನಲ್ಲಿ ಅದರಿಂದ ಆಟ ಕೆಡುವುದಿಲ್ಲ.

ಸುತ್ತುವ ದಿನ ಈ ಕ್ರಮ ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಮೊದಲು ಹಸಿರುಮನೆ: ಹೋದ ಸಲದ ಬೆಳೆ ಕಿತ್ತು, ಹೊಸ ಬೀಜ ಹಾಕಿ. ಪಕ್ಕದಲ್ಲೇ ಕೊಳ, ಮೀನು ಹಿಡಿಯಿರಿ. ಈ ಎರಡಕ್ಕೂ ಚಟುವಟಿಕೆ ಅಂಕ (ಸುತ್ತುವ ದಿನದ ಕೆಲಸಗಳಿಗೆ ಖರ್ಚಾಗುವ, ಮಿತಿಯಿರುವ ಅಂಕ) ಖರ್ಚಾಗುವುದಿಲ್ಲ, ಪ್ರೊಫೆಸರ್ ಲೆವೆಲ್ ಮಾತ್ರ ಏರುತ್ತದೆ. ಶುರುವಿನ ತಿಂಗಳುಗಳಲ್ಲಿ ಆ ಲೆವೆಲ್‌ಗಿಂತ ಬೆಲೆಬಾಳುವುದು ಬೇರೊಂದಿಲ್ಲ. ಅದು ಏರಿದಷ್ಟೂ ಸುತ್ತುವ ದಿನದ ಅಂಕ, ವಾರದ ಪಾಠ, ಕದನದ ಅವಕಾಶ ಎಲ್ಲವೂ ಹೆಚ್ಚುತ್ತವೆ. ಮೀನಿನ ಎರೆಯನ್ನು ಸಿಕ್ಕಿದ ದಿನವೇ ಖಾಲಿ ಮಾಡಬೇಡಿ. ಕ್ಯಾಲೆಂಡರ್‌ನಲ್ಲಿ ಮೀನು ಹೆಚ್ಚು ಸಿಗುವ ದಿನಗಳ ಗುರುತಿರುತ್ತದೆ, ಕೂಡಿಟ್ಟ ಎರೆಯನ್ನೆಲ್ಲ ಅಂದು ಸುರಿಯಿರಿ. ಒಂದೇ ಸಲಕ್ಕೆ ಒಂದು ಲೆವೆಲ್ ಏರುವುದುಂಟು.

ಆಮೇಲೆ ಊಟದ ಮನೆ. ಒಂದು ಅಂಕಕ್ಕೆ ಇಬ್ಬರು ವಿದ್ಯಾರ್ಥಿಗಳ ಜೊತೆ ಊಟ, ಇಬ್ಬರ ಉತ್ಸಾಹವೂ ಸ್ನೇಹವೂ ಒಟ್ಟಿಗೆ ಏರುತ್ತವೆ. ಉತ್ಸಾಹ ಇಳಿದವರನ್ನೇ ಕೂರಿಸಿಕೊಳ್ಳಿ, ಯಾಕೆಂದರೆ ಪಾಠ ಒಂದಕ್ಕೆ 25ರಷ್ಟು ಉತ್ಸಾಹ ಇಳಿಯುತ್ತದೆ. ಪೂರ್ತಿ ನೂರಿದ್ದವನಿಗೆ ನಾಲ್ಕು ಪಾಠ, ಸೊನ್ನೆಯಿದ್ದವನಿಗೆ ಒಂದೂ ಇಲ್ಲ. ಮಿಕ್ಕ ಅಂಕಗಳಲ್ಲಿ ಭಜನಾ ಮೇಳಕ್ಕೆ ಒಂದು, ಬೈಲೆತ್ ತಾನೇ ಬೇರೆ ಶಿಕ್ಷಕರಿಂದ ಕಲಿಯುವುದಕ್ಕೆ ಒಂದೆರಡು. ನೆಲದ ಮೇಲೆ ನೀಲಿಯಾಗಿ ಮಿಣುಕುವುದು ಕಳೆದುಹೋದ ವಸ್ತು. ಅದರ ಯಜಮಾನ ಯಾರೆಂದು ವಿವರಣೆ ಓದಿ ಊಹಿಸಿ, ಮರಳಿಸಿದರೆ ಪುಕ್ಕಟೆ ಸ್ನೇಹ. ಮೂಲೆ ಮೂಲೆಗೆ ಓಡಬೇಡಿ, ನಕ್ಷೆ ತೆರೆದು ಬೇಕಾದ ಜಾಗಕ್ಕೆ ನೇರ ಹೋಗಬಹುದು.

ಬೇರೆ ತಂಡದವರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಹೊಸಬರು ತುಂಬ ಕಷ್ಟಪಡುತ್ತಾರೆ. ಪ್ರತಿಯೊಬ್ಬರೂ ಬೈಲೆತ್‌ನಲ್ಲಿ ಒಂದು ಗುಣ, ಒಂದು ವಿದ್ಯೆ ಕೇಳುತ್ತಾರೆ. ಫೀಲಿಕ್ಸ್‌ಗೆ ವೇಗ ಮತ್ತು ಕತ್ತಿ, ಲಿಸಿಥಿಯಾಗೆ ಮ್ಯಾಜಿಕ್ ಮತ್ತು ಫೇತ್ (ಗಾಯ ವಾಸಿಮಾಡುವಂಥ ಮಂತ್ರಗಳ ವಿದ್ಯೆ), ಹೀಗೆ. ಎಲ್ಲರಿಗಾಗಿ ಎಲ್ಲವನ್ನೂ ಕಲಿಯಲು ಹೊರಟರೆ ಬೈಲೆತ್ ಯಾವುದರಲ್ಲೂ ಪಳಗುವುದಿಲ್ಲ. ಸ್ನೇಹದ ಮಟ್ಟ ಏರಿದಷ್ಟೂ ಈ ಬೇಡಿಕೆ ಇಳಿಯುತ್ತದೆ. ಹಾಗಾಗಿ ಇಬ್ಬರನ್ನೋ ಮೂವರನ್ನೋ ಗುರುತಿಟ್ಟುಕೊಂಡು, ಉಡುಗೊರೆ ಊಟ ಕಳೆದುಹೋದ ವಸ್ತು ಎಲ್ಲವನ್ನೂ ಅವರಿಗೇ ಕೊಡಿ. ಮೊದಲ ಭಾಗ ಮುಗಿದು ಕಥೆ ಐದು ವರ್ಷ ಮುಂದಕ್ಕೆ ಹಾರುವಷ್ಟರಲ್ಲಿ ಇದು ಆಗಿಬಿಡಬೇಕು. ಹ್ಯೂಬರ್ಟ್ ಮತ್ತು ಡೆಡ್ಯೂ ತಮ್ಮ ನಾಯಕರನ್ನು ಬಿಟ್ಟು ಬರುವವರಲ್ಲ, ಅವರ ಹಿಂದೆ ಬೀಳಬೇಡಿ.

ಪಾಠದಲ್ಲಿ ಗುರಿ ಮೊದಲೇ ನಿಶ್ಚಯವಾಗಿದ್ದರೆ ಎಲ್ಲವೂ ಸಲೀಸು. ಹೊಸ ವರ್ಗದ (ಪಾತ್ರ ಯಾವ ಬಗೆಯ ಯೋಧ ಎಂಬುದರ) ಪರೀಕ್ಷೆಗಳು 5, 10, 20 ಮತ್ತು 30ನೇ ಲೆವೆಲ್‌ಗೆ ತೆರೆದುಕೊಳ್ಳುತ್ತವೆ. ಒಂದೊಂದು ಪರೀಕ್ಷೆಗೂ ಸೀಲ್ ಎಂಬ ಒಂದು ವಸ್ತು ಬೇಕು, ನಪಾಸಾದರೂ ಆ ಸೀಲ್ ಹೋಯಿತೆಂದೇ ಲೆಕ್ಕ. ಪಾಸಾಗುವ ಸಾಧ್ಯತೆ ಶೇಕಡಾವಾರು ಮುಂಚೆಯೇ ಕಾಣುತ್ತದೆ. 70ಕ್ಕಿಂತ ಕಡಿಮೆಯಿದ್ದರೆ ಒಂದು ವಾರ ಕಾಯುವುದು ಮೇಲು. ಆತುರವಿದ್ದರೆ ಪರೀಕ್ಷೆಗೆ ಮೊದಲು ಸೇವ್ ಮಾಡಿಕೊಳ್ಳಿ. ಉದಾಹರಣೆಗೆ ಹಿಲ್ಡಾಳನ್ನು ತೆಗೆದುಕೊಳ್ಳಿ. 10ನೇ ಲೆವೆಲ್‌ಗೆ ಬ್ರಿಗ್ಯಾಂಡ್ ಮಾಡಿ, ಆ ವರ್ಗದಲ್ಲಿ ಪೂರ್ತಿ ಪಳಗಿಸಿದರೆ ಡೆತ್ ಬ್ಲೋ ಸಿಗುತ್ತದೆ: ತಾನಾಗಿ ಎರಗಿದಾಗ ಶಕ್ತಿಗೆ 6 ಕೂಡುತ್ತದೆ. ಪಾಠದಲ್ಲಿ ಕೊಡಲಿ ಮತ್ತು ಹಾರಾಟ ಎರಡನ್ನೇ ಗುರಿಯಾಗಿಡಿ, ಈಟಿ ಸಿ ದರ್ಜೆಗೆ ಬಂದರೆ ಸಾಕು. 20ಕ್ಕೆ ವೈವರ್ನ್ ರೈಡರ್, 30ಕ್ಕೆ ವೈವರ್ನ್ ಲಾರ್ಡ್. ಹಾರುವವರು ಹೊಡೆದ ಮೇಲೂ ಉಳಿದ ಹೆಜ್ಜೆ ಇಟ್ಟು ಹಿಂದೆ ಸರಿಯಬಹುದು. ಆರಾಮಾಗಿ ಆಡುವವರಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಬಿಲ್ಲುಗಾರರಿಂದ ಮಾತ್ರ ದೂರವಿರಿಸಿ, ಹಾರುವವರಿಗೆ ಬಾಣದ ಪೆಟ್ಟು ವಿಪರೀತ.

ಮಂತ್ರಗಾರರ ವಿಷಯದಲ್ಲಿ ಪದೇ ಪದೇ ಕಾಣುವ ತಪ್ಪು: ಕುದುರೆ ಸಿಗುತ್ತದೆಂದು ಪ್ಯಾಲಡಿನ್ ಮಾಡುವುದು. ಪ್ಯಾಲಡಿನ್‌ಗೆ ಮಂತ್ರ ಹಾಕಲು ಬರುವುದಿಲ್ಲ. 20ನೇ ಲೆವೆಲ್‌ಗೆ ವಾರ್ಲಾಕ್ ಅಥವಾ ಬಿಷಪ್ ಆಗಲಿ, ಕುದುರೆ ಬೇಕಿದ್ದರೆ 30ಕ್ಕೆ ಡಾರ್ಕ್ ನೈಟ್ ಅಥವಾ ಹೋಲಿ ನೈಟ್. ಮಂತ್ರಗಳ ಇನ್ನೊಂದು ಹೆಚ್ಚುಗಾರಿಕೆ, ಪ್ರತಿ ಕದನಕ್ಕೂ ಅವು ಮತ್ತೆ ಭರ್ತಿಯಾಗುತ್ತವೆ. ಕತ್ತಿ ಕೊಡಲಿಗಳು ಹಾಗಲ್ಲ, ಸವೆಯುತ್ತವೆ. ಕಬ್ಬಿಣದ ಕತ್ತಿಗೆ 40 ಬಳಕೆ, ವಿಶೇಷ ಹೊಡೆತ ಬಳಸಿದರೆ ಒಂದೇ ಏಟಿಗೆ ಮೂರು ನಾಲ್ಕು ಕಳೆಯುತ್ತವೆ. ಮುರಿದ ಆಯುಧವೂ ಕೈಯಲ್ಲಿರುತ್ತದೆ, ಆದರೆ ಅದರ ಪೆಟ್ಟು ಪೆಟ್ಟೇ ಅಲ್ಲ. ತಿಂಗಳ ಕೊನೆಯ ಯುದ್ಧಕ್ಕೆ ಮೊದಲು ಕಮ್ಮಾರನ ಹತ್ತಿರ ಹೋಗುವುದನ್ನು ಮರೆಯಬೇಡಿ.

ಕದನದೊಳಗೆ ಎಲ್ಲಕ್ಕಿಂತ ದೊಡ್ಡ ಆಸರೆ ಡಿವೈನ್ ಪಲ್ಸ್. ಕಾಲವನ್ನು ಹಿಂದಕ್ಕೆ ತಿರುಗಿಸಿ ಬೇಕಾದ ನಡೆಗೆ ಮರಳಬಹುದು. ಶುರುವಿಗೆ ಒಂದು ಕದನಕ್ಕೆ ಮೂರು ಸಲ. ಕೆಥೆಡ್ರಲ್‌ನ ಸಂತರ ವಿಗ್ರಹಗಳನ್ನು ರಿನೌನ್ (ಆಡುತ್ತ ಗಳಿಸುವ ಕೀರ್ತಿಯ ಅಂಕ) ಖರ್ಚು ಮಾಡಿ ದುರಸ್ತಿ ಮಾಡಿಸಿದಂತೆ ಹೆಚ್ಚುತ್ತದೆ, ರಿನೌನ್ ಸಿಕ್ಕಾಗೆಲ್ಲ ಮೊದಲು ಅಲ್ಲಿಗೇ ಹಾಕಿ. ಒಂದು ಸೂಕ್ಷ್ಮವಿದೆ. ಹಿಂದಕ್ಕೆ ಹೋಗಿ ಅದೇ ನಡೆಯನ್ನು ಅದೇ ಕ್ರಮದಲ್ಲಿ ಮತ್ತೆ ಇಟ್ಟರೆ ಫಲವೂ ಅದೇ ಬರುತ್ತದೆ. ತಪ್ಪಿದ ಬಾಣ ಮತ್ತೆ ತಪ್ಪುತ್ತದೆ. ಮೊದಲು ಬೇರೊಬ್ಬರಿಂದ ಹೊಡೆಸಿ, ಇಲ್ಲವೇ ಆಯುಧ ಬದಲಿಸಿ, ಆಗ ಮಾತ್ರ ಫಲ ಬದಲಾಗುತ್ತದೆ. ಇದು ತಿಳಿಯದೆ ಮೂರು ಪಲ್ಸನ್ನೂ ಒಂದೇ ಹೊಡೆತಕ್ಕೆ ಸುರಿಯುವವರು ಬಹಳ.

ದೊಡ್ಡ ಮೃಗಗಳು ಬಂದಾಗ ಹೊಸಬರು ಕಂಗಾಲಾಗುತ್ತಾರೆ. ಮೊದಲನೆಯದು 5ನೇ ಅಧ್ಯಾಯದಲ್ಲೇ ಎದುರಾಗುತ್ತದೆ. ಅದಕ್ಕೆ ಒಂದಕ್ಕಿಂತ ಹೆಚ್ಚು ಪ್ರಾಣಪಟ್ಟಿ. ಅದು ನಿಂತ ನಾಲ್ಕು ಮನೆಗಳ ಮೇಲೆ ಹಳದಿ ತಡೆ ಇರುತ್ತದೆ. ಬರೀ ಕತ್ತಿಯಿಂದ ಕಡಿಯುತ್ತ ಕೂತರೆ ತಡೆ ಪೆಟ್ಟನ್ನು ತಗ್ಗಿಸುತ್ತದೆ. ಬೆಟಾಲಿಯನ್ (ಪಾತ್ರದ ಜೊತೆಗಿರುವ ಸೈನಿಕರ ತುಕಡಿ) ಇರುವವನಿಂದ ಗ್ಯಾಂಬಿಟ್, ಅಂದರೆ ಆ ತುಕಡಿಯ ವಿಶೇಷ ದಾಳಿ, ಹೊಡೆಸಿ. ಗ್ಯಾಂಬಿಟ್‌ಗೆ ಎದುರೇಟು ಇಲ್ಲ, ತಗುಲಿದ ಮನೆಗಳ ತಡೆ ಒಡೆಯುತ್ತದೆ. ಎರಡನೆಯವನಿಂದ ಮಿಕ್ಕ ಮನೆಗಳ ಮೇಲೆ ಇನ್ನೊಂದು. ನಾಲ್ಕೂ ಒಡೆದಾಗ ಮೃಗ ತತ್ತರಿಸಿ ನಿಲ್ಲುತ್ತದೆ, ಆಯುಧ ದುರಸ್ತಿಗೆ ಬೇಕಾದ ಅಪರೂಪದ ಲೋಹವೂ ಸಿಗುತ್ತದೆ. ಆಮೇಲೆ ಎಲ್ಲರೂ ಸೇರಿ ಹೊಡೆಯಿರಿ. ಇದಕ್ಕಾಗಿ ಇಬ್ಬರ ಗ್ಯಾಂಬಿಟ್ ಮೃಗ ಬರುವವರೆಗೆ ಉಳಿದಿರಬೇಕು, ಸಾಮಾನ್ಯ ಕಳ್ಳರ ಮೇಲೆ ಖರ್ಚು ಮಾಡಬೇಡಿ.

4ನೇ ಅಧ್ಯಾಯದ ಸಮಾಧಿಮಂದಿರದಲ್ಲಿ ಕುದುರೆ ಏರಿ ಕಾದಿರುವ ಡೆತ್ ನೈಟ್ ಇದ್ದಾನಲ್ಲ, ಅವನನ್ನು ಕೆಣಕದಿದ್ದರೆ ಅವನಾಗಿ ಬರುವುದಿಲ್ಲ. ಸುತ್ತು ಹಾಕಿಕೊಂಡು ಹೋಗಿ, ಕೆಲಸ ಮುಗಿಸಿ. ಸಾಮಾನ್ಯವಾಗಿ ವೈರಿ ಯಾರ ಮೇಲೆ ಎರಗುತ್ತಾನೆಂದು ಗೆರೆ ಎಳೆದು ತೋರಿಸುವುದು ಈ ಆಟದ ದೊಡ್ಡ ಗುಣ. ಪ್ರತಿ ನಡೆ ಖಚಿತ ಮಾಡುವ ಮುಂಚೆ ಆ ಗೆರೆಗಳನ್ನೊಮ್ಮೆ ನೋಡಿದರೆ ಡಿವೈನ್ ಪಲ್ಸ್ ಬೇಕಾಗುವುದೇ ಅಪರೂಪ.

ಯಾರಾದರೂ ಹಿಂದೆ ಬಿದ್ದರೆ ಗಾಬರಿ ಬೇಡ. ನಾರ್ಮಲ್‌ನಲ್ಲಿ ಕದನದ ಅವಕಾಶ ಖರ್ಚಾಗದ ಸಣ್ಣ ಕದನ ಸಿಗುತ್ತದೆ, ಅದನ್ನು ಎಷ್ಟು ಸಲ ಬೇಕಾದರೂ ಆಡಿ ಅವರನ್ನು ಮೇಲೆತ್ತಬಹುದು. ಆಗ ಹೊಡೆದಾಟದ ಅನಿಮೇಶನ್ ಆಪ್ಶನ್ಸ್‌ನಲ್ಲಿ ಆಫ್ ಮಾಡಿಡಿ, ಸಮಯ ಅರ್ಧಕ್ಕರ್ಧ ಉಳಿಯುತ್ತದೆ. ಪ್ಯಾರಾಲಾಗ್ ಎಂಬ ಪಕ್ಕದ ಕಥೆಗಳನ್ನು ಮಾತ್ರ ಮುಂದೂಡಬೇಡಿ. ಅವಕ್ಕೆ ಗಡುವಿದೆ, ಒಳ್ಳೆಯ ಆಯುಧ ಮತ್ತು ಬೆಟಾಲಿಯನ್‌ಗಳು ಅಲ್ಲೇ ಸಿಗುವುದು.

ಕೊರತೆಗಳನ್ನೂ ಹೇಳಬೇಕು. ಯಾವ ತಂಡ ಹಿಡಿದರೂ ಮೊದಲ ಭಾಗದ ಕಾರ್ಯಾಚರಣೆಗಳು ಬಹುಪಾಲು ಅವೇ, ನಕ್ಷೆಗಳೂ ಅವೇ. ಎರಡನೇ ಸಲಕ್ಕೆ ಇದು ಎದ್ದು ಕಾಣುತ್ತದೆ, ಮೂರನೆಯದಕ್ಕೆ ಕಾಡುತ್ತದೆ. ಮಠದೊಳಗೆ ಓಡುವಾಗ ಚಿತ್ರ ಅಲ್ಲಲ್ಲಿ ತೊಡರುತ್ತದೆ. ಮೊದಲ ಭಾಗ ಮತ್ತೆ ಮತ್ತೆ ಬರುವುದಕ್ಕೆ ಆಟವೇ ಕೊಟ್ಟ ಪರಿಹಾರ ನ್ಯೂ ಗೇಮ್ ಪ್ಲಸ್. ಒಂದು ದಾರಿ ಮುಗಿಸಿ ಅದರಲ್ಲಿ ಶುರು ಮಾಡಿದರೆ ರಿನೌನ್ ಕೊಟ್ಟು ಹಳೆಯ ಪ್ರೊಫೆಸರ್ ಲೆವೆಲ್, ವಿದ್ಯೆಯ ದರ್ಜೆ, ಸ್ನೇಹದ ಮಟ್ಟ ಎಲ್ಲವನ್ನೂ ಮರಳಿ ಕೊಳ್ಳಬಹುದು. ಮೊದಲು ಪ್ರೊಫೆಸರ್ ಲೆವೆಲ್, ಆಮೇಲೆ ಬೇಕಾದವರ ಸ್ನೇಹ. ಆಗ ಮೀನು ಹಿಡಿಯುವ ಅಗತ್ಯವೇ ಇಲ್ಲ, ಮೊದಲ ಭಾಗವನ್ನು ಸ್ಕಿಪ್ ಮಾಡುತ್ತ ಬೇಗ ದಾಟಿ ಹೊಸ ಕಥೆ ಇರುವ ಎರಡನೇ ಭಾಗಕ್ಕೆ ಹೋಗಬಹುದು.

2020ರ ಫೆಬ್ರವರಿಯಲ್ಲಿ ಬಂದ ಸಿಂಡರ್ಡ್ ಶಾಡೋಸ್ ಎಂಬ ಹೆಚ್ಚುವರಿ ಕಥೆಯನ್ನು ಮೊದಲು ಆಡಬೇಡಿ. ಅಲ್ಲಿ ಪಾತ್ರಗಳನ್ನು ಆಟವೇ ನಿಗದಿ ಮಾಡಿ ಕೊಡುತ್ತದೆ, ಸಣ್ಣ ಕದನಗಳಲ್ಲಿ ಲೆವೆಲ್ ಏರಿಸಿಕೊಳ್ಳುವ ಅನುಕೂಲವಿಲ್ಲ, ನಾರ್ಮಲ್‌ನಲ್ಲೂ ಕೈ ಕಟ್ಟಿಹಾಕುವ ನಕ್ಷೆಗಳಿವೆ. ಒಂದು ಪೂರ್ತಿ ದಾರಿ ಮುಗಿಸಿ, ಗ್ಯಾಂಬಿಟ್ ಯಾವಾಗ ಹೊಡೆಯಬೇಕೆಂದು ಕೈಗೆ ಬಂದ ಮೇಲೆ ಅದನ್ನು ತೆರೆಯಿರಿ. ಅಲ್ಲಿ ಸಿಗುವ ಯೂರಿ, ಕಾನ್‌ಸ್ಟನ್ಸ್, ಬಾಲ್ತಸ್, ಹಾಪಿ ನಾಲ್ವರೂ ಮುಂದಿನ ದಾರಿಯಲ್ಲಿ ನಿಮ್ಮ ತಂಡಕ್ಕೆ ಬರುತ್ತಾರೆ.